ಎರಡು ವರ್ಷದ ಮಗುವಿನ ಕೈ ಪಳಗಲು: ಅಡುಗೆಮನೆಯ ಸಾಮಾನೋ, ಚನ್ನಪಟ್ಟಣದ ಆಟಿಕೆಯೋ?

ಮೈಸೂರಿನ ತಾಯಿಯೊಬ್ಬರು ಕೇಳಿರುವ ಈ ಪ್ರಶ್ನೆಯಲ್ಲಿ ಖರ್ಚಿನ ಲೆಕ್ಕ ಸುಲಭ: ಸ್ಟೀಲ್ ಲೋಟ, ಮುಚ್ಚಳದ ಡಬ್ಬಿ, ಸೌಟು ಮನೆಯಲ್ಲೇ ಇವೆ, ಮರದ ಆಟಿಕೆಯನ್ನು ಕೊಳ್ಳಬೇಕು.

ಕಲಿಕೆಯಲ್ಲಿ ಮಾತ್ರ ಎರಡರ ದಾರಿಯೂ ಬೇರೆ. ತಟ್ಟೆಯಲ್ಲಿ ಎರಡು ಪುಟ್ಟ ಲೋಟಗಳನ್ನಿಟ್ಟು, ಒಂದರ ಕಾಲುಭಾಗ ನೀರನ್ನು ಇನ್ನೊಂದಕ್ಕೆ ಸುರಿಯಲು ಬಿಟ್ಟರೆ, ಮಗು ಮಣಿಕಟ್ಟನ್ನು ನಿಧಾನವಾಗಿ ತಿರುಗಿಸುವುದನ್ನೂ, ಅಂಚಿಗೆ ಅಂಚು ತಾಗುವವರೆಗೆ ತಾಳುವುದನ್ನೂ ತಾನಾಗಿಯೇ ಕಲಿಯುತ್ತದೆ. ಚೆಲ್ಲಿದ್ದನ್ನು ಬಟ್ಟೆಯಿಂದ ಒರೆಸುವುದೂ ಕೈಗೆ ಒಳ್ಳೆಯ ಕೆಲಸವೇ, ದಯವಿಟ್ಟು ಅದನ್ನು ಕಸಿದುಕೊಳ್ಳಬೇಡಿ. ಕಡ್ಡಿಗೆ ಬಳೆಗಳನ್ನು ಪೋಣಿಸುವ ಆಟಿಕೆ ಗಾತ್ರದ ಅಂದಾಜನ್ನೂ ಕಣ್ಣು-ಕೈಗಳ ಹೊಂದಾಣಿಕೆಯನ್ನೂ ಬೆಳೆಸುತ್ತದೆ.

ಬಾಳಿಕೆಯಲ್ಲಿ ಸ್ಟೀಲ್ ಮುಂದು. ಅರಗಿನ ಮೆರುಗಿನ ಮರವನ್ನು ನೀರಿನಲ್ಲಿ ನೆನೆಸುವಂತಿಲ್ಲ.

ಸುರಕ್ಷತೆಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಮೂರು ವರ್ಷ ತುಂಬುವವರೆಗೆ ಕಡಲೆ, ಅವರೆಕಾಳುಗಳನ್ನು ಆಟಕ್ಕೆ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಆಟಿಕೆಯಲ್ಲಿ ಬಿಚ್ಚಿಬರುವ ಸಣ್ಣ ಮಣಿಗಳಿವೆಯೇ ಎಂದೂ ಎಳೆದು ನೋಡಿ.

ಪಕ್ಕದಲ್ಲಿ ಕೂರಲು ಅಜ್ಜಿಯೋ ತಾತನೋ ಇದ್ದರೆ ನೀರು, ಲೋಟ, ಡಬ್ಬಿಗಳೇ ಸಾಕು. ನೀವು ಅಲ್ಲೇ ಇದ್ದು ಮೆಷಿನ್ನಿನಲ್ಲಿ ಬಟ್ಟೆ ಹೊಲಿಯುವಂಥ ಬೇರೆ ಕೆಲಸದಲ್ಲಿ ತೊಡಗಿರುವಾಗ, ನೆಲ ಒದ್ದೆಯಾಗದ ಮರದ ಆಟಿಕೆ ಹೆಚ್ಚು ಅನುಕೂಲ.