ಬಬಲ್ ಬೆಡ್, ಟ್ಯೂಬ್ ಬೆಡ್, ಫೋಮ್: ಮಗ್ಗುಲು ಬದಲಿಸಲಾಗದ ಹಿರಿಯರಿಗೆ ಯಾವ ಹಾಸಿಗೆ?

ಹಾಸಿಗೆ ಹಿಡಿದವರಿಗೆ, ಒಂದೇ ಕಡೆ ಭಾರ ಬಿದ್ದು ಆಗುವ ಒತ್ತಡದ ಹುಣ್ಣು (ಬೆಡ್‌ಸೋರ್) ತಪ್ಪಿಸಲು, ಟ್ಯೂಬ್ ಬೆಡ್ಡೇ ಸರಿ. ಬಬಲ್ ಬೆಡ್ ಎಂದರೆ ಗಾಳಿಗುಳ್ಳೆಗಳಿರುವ ಹಾಳೆ, ಟ್ಯೂಬ್ ಬೆಡ್ ಎಂದರೆ ಅಡ್ಡಲಾಗಿ ಜೋಡಿಸಿದ ಗಾಳಿ ಟ್ಯೂಬ್‌ಗಳು; ಎರಡೂ ಮಾಮೂಲಿ ಹಾಸಿಗೆಯ ಮೇಲೆ ಹಾಸಿ ಪಂಪ್‌ನಿಂದ ಗಾಳಿ ತುಂಬುವ ಏರ್ ಬೆಡ್‌ಗಳು. ಮೊದಲು ಬಬಲ್ ಬೆಡ್ ಕೊಂಡು ಪೇಚಿಗೆ ಸಿಕ್ಕಿಕೊಂಡ ಮೇಲೆ ಹೇಳುತ್ತಿರುವ ಮಾತಿದು. ರಾತ್ರಿ ಪಾಳಿಯಲ್ಲಿ ಒಬ್ಬರೇ ಹಲವು ಕೋಣೆಗಳನ್ನು ನೋಡಿಕೊಳ್ಳುವ ಆರೈಕೆ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಪಕ್ಕದಲ್ಲಿ ಸದಾ ಒಬ್ಬರು ಕೂತಿರುವ ಮನೆಗಳ ಲೆಕ್ಕಾಚಾರ ಸ್ವಲ್ಪ ಬೇರೆ.

ಎಷ್ಟು ಗುಳ್ಳೆ, ಎಷ್ಟು ಟ್ಯೂಬ್, ಎಷ್ಟು ಕೆ.ಜಿ. ತಡೆಯುತ್ತದೆ ಎಂಬುದೆಲ್ಲ ಡಬ್ಬದ ಮೇಲೇ ಇರುತ್ತದೆ. ಎರಡೂ ಏರ್ ಬೆಡ್‌ಗಳ ತತ್ವ ಒಂದೇ: ಗಾಳಿಯ ಕೋಶಗಳಲ್ಲಿ ಅರ್ಧದಷ್ಟು ಉಬ್ಬಿದಾಗ ಉಳಿದರ್ಧ ಇಳಿಯುತ್ತವೆ, ಸುಮಾರು 10 ನಿಮಿಷದ ಒಂದೊಂದು ಸುತ್ತಿನಲ್ಲಿ ಎರಡೂ ಅರ್ಧಗಳ ಸರದಿ ಮುಗಿಯುತ್ತದೆ. ಯಾವ ಹಾಸಿಗೆ ಹಾಕಿದರೂ ಹೊರಳಿಸುವ ಕೆಲಸ ತಪ್ಪದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬ ಪಟ್ಟಿ ಗೋಡೆಯ ಮೇಲೆ ಇರಲೇಬೇಕು. ಯಾರ ಅಂತರವನ್ನು ಹೆಚ್ಚಿಸಬಹುದೆಂದು ಅವರವರ ಚರ್ಮ ನೋಡಿ ನರ್ಸ್ ತೀರ್ಮಾನಿಸಲಿ, ಹಾಸಿಗೆ ಮಾರುವವರಲ್ಲ.

ಬಬಲ್ ಬೆಡ್‌ನ ದೊಡ್ಡ ಕಿರಿಕಿರಿ ಒಂದೇ. ಅದು ಸದ್ದಿಲ್ಲದೆ ಸಾಯುತ್ತದೆ. ಪಂಪ್ ಗುಂಯ್ ಎನ್ನುತ್ತಲೇ ಇರುತ್ತದೆ, ಹಸಿರು ದೀಪ ಉರಿಯುತ್ತಲೇ ಇರುತ್ತದೆ, ಮಲಗಿದವರ ಸೊಂಟದ ಕೆಳಗೆ ಮಾತ್ರ ಗಾಳಿಯೇ ಇರುವುದಿಲ್ಲ. ಆ ದೀಪ ಹೇಳುವುದು ಪಂಪ್‌ಗೆ ಕರೆಂಟ್ ಬರುತ್ತಿದೆ ಎಂದಷ್ಟೇ. ಅಗ್ಗದ ಪಂಪ್‌ಗಳಲ್ಲಿ ಒತ್ತಡ ಕಡಿಮೆಯಾದರೆ ಕೂಗುವ ಅಲಾರಂ ಇರುವುದಿಲ್ಲ. ಸೂಜಿ ಮೊನೆಯಷ್ಟು ತೂತಾದರೆ ಆರಂಭದಲ್ಲಿ ಪಂಪ್ ಅದನ್ನು ಹೇಗೋ ತುಂಬಿಸಿಕೊಡುತ್ತದೆ, ಹಾಗಾಗಿ ಯಾರ ಗಮನಕ್ಕೂ ಬರುವುದಿಲ್ಲ. ತೂತು ದೊಡ್ಡದಾದ ದಿನ, ಒಂದು ಸಾಲಿನ (ಅಂದರೆ ಒಟ್ಟಿಗೆ ಉಬ್ಬುವ ಅರ್ಧದ) ಗುಳ್ಳೆಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿರುವುದರಿಂದ, ಅರ್ಧ ಹಾಸಿಗೆಯೇ ಒಟ್ಟಿಗೆ ಮಲಗಿಬಿಡುತ್ತದೆ. ಬೆಳಿಗ್ಗೆ ಮೈ ಒರೆಸುವಾಗ ಬೆನ್ನಿನ ಬುಡದಲ್ಲಿ ಕೆಂಪು ಮಚ್ಚೆ ಕಂಡು, ಬೆರಳಿನಿಂದ ಒತ್ತಿದರೂ ಅದು ಬಿಳಿಚಿಕೊಳ್ಳದಿದ್ದಾಗಲೇ ವಿಷಯ ತಿಳಿಯುವುದು. ಅಷ್ಟರಲ್ಲಿ ಹುಣ್ಣಿನ ಮೊದಲ ಹಂತ ಶುರುವಾಗಿರುತ್ತದೆ.

ಇದಕ್ಕೆ ಮದ್ದು ಕೈ ಪರೀಕ್ಷೆ. ಹಿರಿಯರು ಮಲಗಿರುವಾಗಲೇ, ಬಬಲ್ ಹಾಳೆಯ ಕೆಳಗೆ, ಅಡಿಯ ಹಾಸಿಗೆಯ ಮೇಲೆ, ಅಂಗೈ ಮೇಲೆ ಮಾಡಿ ಸೊಂಟದ ಮೂಳೆಯ ನೇರಕ್ಕೆ ಕೈ ತೂರಿಸಬೇಕು. ಕೈಗೂ ಮೈಗೂ ನಡುವೆ 2.5 ಸೆಂ.ಮೀ. ಗಾಳಿಯ ದಪ್ಪ ಸಿಗಬೇಕು. ಮೂಳೆಯೇ ಕೈಗೆ ತಾಗಿದರೆ ಹಾಸಿಗೆ ಇಲ್ಲದ ಲೆಕ್ಕ. ಐದಾರು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಬೇಕು, ಏಕೆಂದರೆ ಒಂದು ಹೊತ್ತಿಗೆ ಒಂದೇ ಸಾಲು ಉಬ್ಬಿರುತ್ತದೆ, ಇನ್ನೊಂದು ಸಾಲು ಸತ್ತಿರುವುದು ಮೊದಲ ಸಲ ಕೈಗೆ ಸಿಗದೇ ಹೋಗಬಹುದು. ಪ್ರತಿ ಪಾಳಿ ಬದಲಾವಣೆಯಲ್ಲೂ, ಪ್ರತಿ ಹಾಸಿಗೆಗೂ ಇದನ್ನು ಮಾಡಬೇಕು. ಎರಡು ಹಾಸಿಗೆಯಿದ್ದರೆ ಸುಲಭ, ಎಂಟಿದ್ದರೆ ರಾತ್ರಿ ಪಾಳಿಯವರಿಗೆ ಕೈ ಸಾಲದು.

ತೂತು ಹುಡುಕುವುದು ಇನ್ನೊಂದು ಗೋಳು. ಹೆಚ್ಚಿನವರು ಮೊದಲು ಪಂಪನ್ನೇ ದೂರುತ್ತಾರೆ. ಎರಡೂ ಕೊಳವೆ ಕಿತ್ತು, ಪಂಪಿನ ಒಂದು ಬಾಯಿಗೆ ಬೆರಳಿಟ್ಟು, ಗಾಳಿ ಬರಲಿಲ್ಲ ಎಂದರೆ ಕೆಟ್ಟಿದೆ ಎಂದು ಎತ್ತಿಡುತ್ತಾರೆ. ಆದರೆ ಒಂದು ಬಾಯಿ ಊದುವಾಗ ಇನ್ನೊಂದು ಸುಮ್ಮನಿರುವುದೇ ಅದರ ರೀತಿ. ಪೂರ್ತಿ ಒಂದು ಸುತ್ತು ಕಾಯಿರಿ. ಆಗಲೂ ಒಂದು ಬಾಯಲ್ಲಿ ಗಾಳಿ ಕ್ಷೀಣವಾಗಿದ್ದರೆ ಒಳಗಿನ ರಬ್ಬರ್ ಪೊರೆ ಸವೆದಿರಬೇಕು, ಇಲ್ಲವೇ ಅದಲುಬದಲು ಮಾಡುವ ಬಿಲ್ಲೆ ಸಿಕ್ಕಿಕೊಂಡಿರಬೇಕು. ಎರಡೂ ಬಾಯಿ ಸರಿಯಾಗಿದ್ದರೆ ತೊಂದರೆ ಹಾಸಿಗೆಯಲ್ಲಿ. ಹಿರಿಯರನ್ನು ಬೇರೆ ಮಂಚಕ್ಕೆ ಸಾಗಿಸಿ, ಗಟ್ಟಿತನದ ತಿರುಗಣೆಯನ್ನು ಪೂರ್ತಿ ತಿರುಗಿಸಿ, ಉಬ್ಬಿದ ಸಾಲಿನ ಮೇಲೆ ಸೋಪು ನೀರಿನ ಸ್ಪಂಜು ಒತ್ತುತ್ತಾ ಹೋಗಿ. ಸುತ್ತು ಬದಲಾದ ಮೇಲೆ ಇನ್ನೊಂದು ಸಾಲು.

ಸೋರುವ ಜಾಗಗಳು ಹೆಚ್ಚೂಕಡಿಮೆ ಗೊತ್ತಿರುವಂಥವೇ. ಮಂಚದ ಬೆನ್ನು ಎತ್ತಿದಾಗ ಮಡಚಿಕೊಳ್ಳುವ ಸೊಂಟದ ನೇರ, ಗುಳ್ಳೆಗೂ ಅದರ ಗಾಳಿದಾರಿಗೂ ನಡುವಿನ ಬೆಸುಗೆ, ಕೊಳವೆ ಹಾಳೆಯೊಳಗೆ ಸೇರುವ ಕಾಲಬದಿಯ ಮೂಲೆ. ಗುಳ್ಳೆಯ ನುಣುಪು ಮೈಮೇಲಿನ ತೂತಾದರೆ ಗಾಳಿ ತೆಗೆದು, ಸ್ಪಿರಿಟ್‌ನಿಂದ ಒರೆಸಿ, ಒಣಗಿದ ಮೇಲೆ ತೇಪೆ ಅಂಟಿಸಿ, ಒಂದು ದಿನ ಮುಟ್ಟದೆ ಬಿಟ್ಟರೆ ನಿಲ್ಲುತ್ತದೆ. ಬೆಸುಗೆಯೇ ಬಿಟ್ಟಿದ್ದರೆ ತೇಪೆ ನಿಲ್ಲುವುದಿಲ್ಲ, ಹಾಳೆಯನ್ನೇ ಬಿಸಾಡಬೇಕು. ಆ ಒಂದು ದಿನ ಹಿರಿಯರು ಯಾವುದರ ಮೇಲೆ ಮಲಗಬೇಕು ಎಂಬ ಪ್ರಶ್ನೆಯಂತೂ ಉಳಿದೇ ಉಳಿಯುತ್ತದೆ.

ಟ್ಯೂಬ್ ಬೆಡ್ ಮನಸ್ಸಿಗೆ ಹಿಡಿಸಿದ್ದು ಇಲ್ಲೇ. ಟ್ಯೂಬ್‌ಗಳು ಒಂದೊಂದೂ ಬಿಡಿ, ಗುಂಡಿ ಬಿಚ್ಚಿ ಸೋರುವುದನ್ನಷ್ಟೇ ತೆಗೆದು ಬೇರೆ ಹಾಕಬಹುದು. ಕಪಾಟಿನಲ್ಲಿ ಎರಡು ಬಿಡಿ ಟ್ಯೂಬ್ ಇದ್ದರೆ ಕಾಲು ಗಂಟೆಯ ಕೆಲಸ. ಗಾಳಿಯ ಎತ್ತರ 10 ಸೆಂ.ಮೀ.ಗೂ ಹೆಚ್ಚು, ಹಾಗಾಗಿ ತೂಕದವರಿಗೂ ತಳ ತಾಗುವುದು ಅಪರೂಪ. ಒತ್ತಡ ಇಳಿದರೆ ಕೂಗುವ ಪಂಪ್ ಇರುವ ಮಾದರಿಯನ್ನೇ ಕೊಳ್ಳಬೇಕು, ಇದರಲ್ಲಿ ರಾಜಿ ಬೇಡ. ತಲೆಯ ಕೆಳಗಿನ ಮೂರು ಟ್ಯೂಬ್ ಏರಿಳಿಯದೆ ಸ್ಥಿರವಾಗಿರುವ ಮಾದರಿ ಸಿಕ್ಕರೆ ಇನ್ನೂ ಒಳ್ಳೆಯದು: ತಲೆ ತೇಲಾಡಿದರೆ ಮರೆವಿನ ಕಾಯಿಲೆ ಇರುವವರು ಬೆಚ್ಚಿ ಎದ್ದು ಕೂರುತ್ತಾರೆ.

ಟ್ಯೂಬ್ ಬೆಡ್‌ಗೂ ಕೊರತೆಗಳಿವೆ. ಹಾಸಿಗೆ ಎತ್ತರವಾದಷ್ಟೂ ಮಂಚದ ಪಕ್ಕದ ಕಂಬಿ ಕುಳ್ಳಗಾಗುತ್ತದೆ, ಹೊರಳಿದವರು ಅದರ ಮೇಲಿಂದ ಉರುಳಬಹುದು. ಕೊಳ್ಳುವ ಮೊದಲೇ ಕಂಬಿಯ ಎತ್ತರ ಅಳೆಯಿರಿ, ಹಾಸಿಗೆಗೂ ಕಂಬಿಗೂ ನಡುವೆ ಕೈಯೋ ತಲೆಯೋ ಸಿಕ್ಕಿಕೊಳ್ಳುವ ಸಂದು ಇದೆಯೇ ಎಂದೂ ನೋಡಿ. ಅಡಿಯ ಹಾಸಿಗೆ ದಪ್ಪವಾಗಿದ್ದರೆ ಅದನ್ನು ತೆಳ್ಳಗಿನದಕ್ಕೆ ಬದಲಿಸಿ. ಅಂಚಿನಲ್ಲಿ ಕೂರಿಸುವಾಗ ಜಾರುತ್ತದೆ, ಅದಕ್ಕೆ ಮೊದಲು ಪಂಪಿನ ಸ್ಥಿರ (ಸ್ಟ್ಯಾಟಿಕ್) ಗುಂಡಿ ಒತ್ತಿ, ಎಲ್ಲ ಟ್ಯೂಬ್ ಗಟ್ಟಿಯಾದ ಮೇಲಷ್ಟೇ ಕಾಲು ಇಳಿಸಬೇಕು. ತಲೆಬದಿಯಲ್ಲಿರುವ ಸಿಪಿಆರ್ ಪಟ್ಟಿ, ಅಂದರೆ ಹೃದಯ ನಿಂತಾಗ ಎದೆ ಒತ್ತಲು ಗಾಳಿಯನ್ನು ಥಟ್ಟನೆ ಬಿಡುವುದು, ಗುಡಿಸಿ ಒರೆಸುವಾಗ ಬಟ್ಟೆಗೆ ಸಿಕ್ಕಿ ಕಿತ್ತು ಬರುತ್ತದೆ. ಕೆಲಸದ ಪ್ರತಿಯೊಬ್ಬರಿಗೂ ಅದನ್ನು ತೋರಿಸಿಡಿ.

ಸದ್ದು: ಎರಡಕ್ಕೂ ಇದೆ. ಪಂಪನ್ನು ಕಾಲಬದಿಯ ಹಲಗೆಗೆ ನೇತುಹಾಕುವ ಕಡೆ ರಬ್ಬರ್ ತುಂಡು ಇಟ್ಟರೆ ಮಂಚ ನಡುಗುವುದಿಲ್ಲ.

ಕರೆಂಟ್ ಹೋದಾಗ: ಬಬಲ್‌ನಲ್ಲಿ ಗಾಳಿ ಪಂಪಿನ ದಾರಿಯಲ್ಲೇ ವಾಪಸ್ಸು ಸೋರುತ್ತದೆ. ಕೊಳವೆಗಳನ್ನು ಮಡಚಿ ಕ್ಲಿಪ್ ಹಾಕಿದರೆ ಸ್ವಲ್ಪ ಹೊತ್ತು ನಿಲ್ಲುತ್ತದೆ. ಟ್ಯೂಬ್‌ನಲ್ಲಿ ಕೊಳವೆಯ ತುದಿ ಮುಚ್ಚುವ ಮುಚ್ಚಳ ಸಾಮಾನ್ಯವಾಗಿ ಇರುತ್ತದೆ.

ಬೆವರು: ಬಬಲ್ ಹಾಳೆ ಪಿವಿಸಿ, ಬೆನ್ನು ಒದ್ದೆಯಾಗುತ್ತದೆ, ನೆನೆದ ಚರ್ಮ ಬೇಗ ಕೀಳುತ್ತದೆ. ಟ್ಯೂಬ್ ಬೆಡ್‌ನ ಮೇಲುಹೊದಿಕೆ ನೀರನ್ನು ಒಳಗೆ ಬಿಡದೆ ಆವಿಯನ್ನಷ್ಟೇ ಹಾಯಬಿಡುವಂಥದ್ದಾಗಿರಲಿ. ಅದನ್ನು ಕ್ಲೋರಿನ್ ದ್ರಾವಣದಿಂದ ಒರೆಸಿದ ಮೇಲೆ ಸಾದಾ ನೀರಿನಲ್ಲಿ ಮತ್ತೊಮ್ಮೆ ಒರೆಸದಿದ್ದರೆ ಲೇಪ ಬಿರುಕು ಬಿಡುತ್ತದೆ.

ಇನ್ನು ಬೆಡ್‌ಶೀಟ್. ಒಳ್ಳೆಯ ಏರ್ ಬೆಡ್ ಹಾಕಿ, ಅದರ ಮೇಲೆ ಶೀಟನ್ನು ತಮಟೆಯಂತೆ ಬಿಗಿದು ಸಿಕ್ಕಿಸುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಮೈ ಭಾರವನ್ನು ಆಗ ಶೀಟೇ ಹೊರುತ್ತದೆ, ಕೆಳಗಿನ ಕೋಶಗಳು ಏರಿಳಿದರೂ ಫಲವಿಲ್ಲ. ಒಂದೇ ಶೀಟ್, ಸಡಿಲವಾಗಿ. ಮೂತ್ರ ಹೀರುವ ಪ್ಯಾಡ್ ಒಂದೇ ಒಂದು. ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಮಡಚಿದ ಕಂಬಳಿ, ನಡುವೆ ರಂಧ್ರವಿರುವ ಉಂಗುರದ ದಿಂಬು, ಇವು ಯಾವುವೂ ಬೇಡ. ಉಂಗುರದ ದಿಂಬು ತನ್ನ ಅಂಚಿನಲ್ಲಿ ರಕ್ತದ ಓಟವನ್ನೇ ತಡೆಯುತ್ತದೆ.

ಫೋಮ್ ಯಾರಿಗೆಂದರೆ, ನಿಧಾನವಾಗಿಯಾದರೂ ತಾವೇ ಮಗ್ಗುಲು ಬದಲಿಸುವವರಿಗೆ. ಏರ್ ಬೆಡ್‌ನಲ್ಲಿ ಅವರು ಹೂತುಹೋಗಿ, ಇದ್ದ ಚಲನೆಯನ್ನೂ ಕಳೆದುಕೊಳ್ಳುತ್ತಾರೆ. 15 ಸೆಂ.ಮೀ. ದಪ್ಪದ, ಮೇಲ್ಪದರ ಮೆಮೊರಿ ಫೋಮ್ ಇರುವ ಹಾಸಿಗೆ ಇವರಿಗೆ ಸಾಕು. ಪಂಪ್ ಇಲ್ಲ, ಸೋರಿಕೆ ಇಲ್ಲ. ಆದರೆ ಫೋಮ್ ಕೂಡ ಹೇಳದೆ ಸವೆಯುತ್ತದೆ. ತಿಂಗಳಿಗೊಮ್ಮೆ ಸೊಂಟದ ಜಾಗದಲ್ಲಿ ಮುಷ್ಟಿ ಒತ್ತಿ ನೋಡಿ, ಮಂಚದ ಹಲಗೆ ಮುಷ್ಟಿಗೆ ತಾಗಿದರೆ ಬದಲಿಸಿ. ಜಿಪ್ ತೆಗೆದು ಹೊದಿಕೆಯ ಒಳಮೈ ನೋಡಿ, ಅಲ್ಲಿ ಕಲೆ ಇದ್ದರೆ ದ್ರವ ಫೋಮ್‌ಗೆ ಇಳಿದಿದೆ, ತೊಳೆದು ಪ್ರಯೋಜನವಿಲ್ಲ. ಚಳಿ ಇರುವ ಕೋಣೆಯಲ್ಲಿ ಮೆಮೊರಿ ಫೋಮ್ ಬಿಗಿದುಕೊಳ್ಳುತ್ತದೆ ಎಂಬುದೂ ನೆನಪಿರಲಿ.

ಒಂದು ಟ್ಯೂಬ್ ಬೆಡ್ಡಿನ ಹಣಕ್ಕೆ ಹಲವು ಬಬಲ್ ಬೆಡ್ ಬರುತ್ತವೆ ಎಂಬುದು ನಿಜ. ಕೈಯಲ್ಲಿರುವ ಹಣಕ್ಕೆ ಎಲ್ಲರಿಗೂ ಬಬಲ್ ಹಂಚುವುದಕ್ಕಿಂತ, ತಾವಾಗಿ ಹೊರಳಲಾಗದ ಇಬ್ಬರಿಗೋ ಮೂವರಿಗೋ ಟ್ಯೂಬ್ ಬೆಡ್, ಉಳಿದವರಿಗೆ ಫೋಮ್ ಎಂದು ವಿಂಗಡಿಸುವುದೇ ನನಗೆ ಒಪ್ಪಿಗೆ. ಬಬಲ್ ಬೆಡ್ ಒಂದೇ ಒಂದು ಇರಲಿ, ಟ್ಯೂಬ್ ಬೆಡ್ ರಿಪೇರಿಗೆ ಹೋದ ದಿನಕ್ಕೆ. ಅದರ ಪಂಪನ್ನು ಟ್ಯೂಬ್ ಬೆಡ್‌ಗೆ ಜೋಡಿಸಿ ಹಣ ಉಳಿಸಲು ಹೋಗಬೇಡಿ, ಅಷ್ಟು ದೊಡ್ಡ ಕೋಶಗಳನ್ನು ತುಂಬಿಸುವ ಕಸುವು ಅದಕ್ಕಿಲ್ಲ. ಮೂರರಲ್ಲಿ ಯಾವುದನ್ನೇ ಹಾಕಿದರೂ ಹಿಮ್ಮಡಿಗೆ ಬೇರೆಯೇ ವ್ಯವಸ್ಥೆ ಬೇಕು: ಮೀನಖಂಡದ ಉದ್ದಕ್ಕೂ ದಿಂಬು ಇಟ್ಟು, ಹಿಮ್ಮಡಿ ಹಾಸಿಗೆಗೆ ತಾಗದಂತೆ, ಮಂಡಿ ತುಸು ಮಡಚಿರುವಂತೆ ನೋಡಿಕೊಳ್ಳಿ.