ಗೂಗಲ್ ಫೋಟೋಸ್, ಡಿಜಿಕ್ಯಾಮ್, ಲೈಟ್‌ರೂಮ್: ನಮ್ಮ ಮನೆಯ ಫೋಟೋ ರಾಶಿಗೆ ಯಾವುದು ಸರಿಹೋಯಿತು?

ಪಿಕಾಸಾ ಇದ್ದ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಕಂಪ್ಯೂಟರಿನಲ್ಲಿ ಎಲ್ಲೆಲ್ಲೋ ಬಿದ್ದಿದ್ದ ಫೋಟೋಗಳನ್ನು ಅದೇ ಹುಡುಕಿ ಸಾಲಾಗಿ ತೋರಿಸುತ್ತಿತ್ತು. ಮುಖ ಗುರುತಿಸುತ್ತಿತ್ತು, ಸಣ್ಣಪುಟ್ಟ ತಿದ್ದುಪಡಿಯೂ ಅದರಲ್ಲೇ ಆಗುತ್ತಿತ್ತು, ದುಡ್ಡೂ ಕೇಳುತ್ತಿರಲಿಲ್ಲ. 2016ರ ಮಾರ್ಚ್‌ನಲ್ಲಿ ಗೂಗಲ್ ಅದನ್ನು ನಿಲ್ಲಿಸಿತು. ನಿಲ್ಲಿಸಿದ ಮೇಲೂ ಹಳೆ ಪಿಕಾಸಾವನ್ನೇ ಎಳೆದುಕೊಂಡು ಬಂದವರು ಬಹಳ ಜನ, ಅದರಲ್ಲಿ ನಾನೂ ಒಬ್ಬ. ಹೊಸ ಲ್ಯಾಪ್‌ಟಾಪ್ ಬಂದ ಮೇಲೆ ಬೇರೆ ದಾರಿ ನೋಡಲೇಬೇಕಾಯಿತು.

ಮನೆ ಚಿಕ್ಕಮಗಳೂರಿನಲ್ಲಿ, ಆಲ್ದೂರಿನ ಕಡೆ ಸ್ವಲ್ಪ ಕಾಫಿ ತೋಟ. ಫೋಟೋಗಳು 40 ಸಾವಿರದ ಹತ್ತಿರ ಇವೆ. ಮದುವೆ, ನಾಮಕರಣ, ಗೃಹಪ್ರವೇಶ ಒಂದು ಕಡೆ. ಬೇಲೂರು, ಹಳೇಬೀಡು, ಅಮೃತಾಪುರ ಅಂತ ನಾನು ಸುತ್ತಿ ತೆಗೆದದ್ದು ಇನ್ನೊಂದು ಕಡೆ. ಮೂರನೆಯದು ತೋಟದ್ದು, ನಿಜವಾಗಿ ಕೆಲಸಕ್ಕೆ ಬರುವುದು ಅದೇ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಹೂ ಅರಳುತ್ತದೆ. ಯಾವ ವರ್ಷ ಯಾವ ತಾರೀಖಿಗೆ ಹೂ ಬಂತು, ಯಾವ ಪಟ್ಟೆಯಲ್ಲಿ ಚೆನ್ನಾಗಿ ಬಂತು ಅನ್ನುವುದಕ್ಕೆ ಡೈರಿಗಿಂತ ಫೋಟೋನೇ ನಂಬಿಕಸ್ಥ ಸಾಕ್ಷಿ. ಆದರೆ ಫೋಟೋದ ತಾರೀಖು ಸರಿ ಇರಬೇಕು, ಅಲ್ವಾ?

ಹುಡುಕುವ ವಿಷಯದಲ್ಲಿ ಗೂಗಲ್ ಫೋಟೋಸ್ ಮುಂದೆ ಉಳಿದೆರಡೂ ನಿಲ್ಲುವುದಿಲ್ಲ. ಯಾವುದಕ್ಕೂ ಹಣೆಪಟ್ಟಿ ಹಚ್ಚದೆ ಸುಮ್ನೆ ಹಾಕಿದ್ದ ರಾಶಿಯಲ್ಲಿ ದೇವಸ್ಥಾನ ಕೇಳಿದರೆ ದೇವಸ್ಥಾನ, ನಾಯಿ ಕೇಳಿದರೆ ನಾಯಿ ಬಂತು. ಕಾಫಿ ಹೂ ಕೇಳಿದಾಗ ಮಾತ್ರ ಜೊತೆಗೆ ಮದುಮಗಳ ಮಲ್ಲಿಗೆ ದಂಡೆಯೂ ಬಂತು. ಅದನ್ನು ತಪ್ಪು ಅನ್ನಲು ಮನಸ್ಸಾಗಲಿಲ್ಲ, ಎರಡೂ ಬಿಳಿ ಹೂವೇ ತಾನೆ. ಮುಖಗಳಲ್ಲೂ ಅದು ಜಾಣ. ಅಕ್ಕನ ಮಗಳು ತೊಟ್ಟಿಲಲ್ಲಿದ್ದಾಗಿನಿಂದ ಪಿಯುಸಿ ತನಕ ಒಂದೇ ಸಾಲಿಗೆ ಬಂದಳು. ಅಣ್ಣ ತಮ್ಮ ಇಬ್ಬರನ್ನು ಒಬ್ಬನೇ ಮಾಡಿದ್ದೂ ಉಂಟು. ಅದನ್ನು ನಾವೇ ಬಿಡಿಸಬೇಕು.

ತೊಂದರೆ ಜಾಗದ್ದು. 2021ರ ಜೂನ್ 1ರವರೆಗೆ ಸ್ವಲ್ಪ ಕುಗ್ಗಿಸಿದ ಫೋಟೋಗಳನ್ನು ಲೆಕ್ಕವಿಲ್ಲದಷ್ಟು ಇಡಬಹುದಿತ್ತು. ಈಗ ಬಿಟ್ಟಿ ಸಿಗುವುದು 15 ಜಿಬಿ, ಅದೂ ಜಿಮೇಲ್ ಮತ್ತು ಡ್ರೈವ್ ಜೊತೆ ಹಂಚಿಕೊಂಡು. ಕ್ಯಾಮೆರಾದ ರಾ ಫೈಲು (ಕ್ಯಾಮೆರಾ ಸಂಸ್ಕರಿಸದೆ ಇಡುವ ದೊಡ್ಡ ಮೂಲ ಫೈಲು) ಹಾಕತೊಡಗಿದರೆ ಒಂದು ಹಳೇಬೀಡು ಸುತ್ತಾಟಕ್ಕೇ ಅದರಲ್ಲಿ ದೊಡ್ಡ ಪಾಲು ಹೋಗುತ್ತದೆ. ಅದಕ್ಕಿಂತ ದೊಡ್ಡ ಕಷ್ಟ ನಮ್ಮ ಕಡೆಯ ನೆಟ್. ಆಷಾಢದ ಮಳೆಯಲ್ಲಿ ಕರೆಂಟೇ ಇರುವುದಿಲ್ಲ, ಇನ್ನು ಅಪ್‌ಲೋಡ್ ಎಲ್ಲಿಂದ? ತೋಟದ ಮನೆಯಲ್ಲಿ ಕೂತು ತೆಗೆದದ್ದೆಲ್ಲ ಪೇಟೆಗೆ ಬಂದ ಮೇಲೇ ಮೇಲಕ್ಕೆ ಹೋಗುವುದು.

ಹೊಸಬರು ಒಂದು ವಿಷಯ ತಿಳಿದಿರಬೇಕು. ಫೋನಿನಲ್ಲಿ ಜಾಗ ಬೇಕೆಂದು ಗೂಗಲ್ ಫೋಟೋಸ್ ಒಳಗೆ ಹೋಗಿ ಫೋಟೋ ಅಳಿಸಿದರೆ ಗೂಗಲ್‌ನ ಕ್ಲೌಡಿನಲ್ಲಿರುವ ಪ್ರತಿಯೂ ಅಳಿಯುತ್ತದೆ. ಬ್ಯಾಕಪ್ ಆಗಿದ್ದರೆ 60 ದಿನ ಕಸದ ಬುಟ್ಟಿಯಲ್ಲಿರುತ್ತದೆ, ಆಮೇಲೆ ಇಲ್ಲ. ಫೋನಿನದಷ್ಟೇ ಹೋಗಬೇಕು ಅಂದರೆ ಜಾಗ ಖಾಲಿ ಮಾಡುವ ಬೇರೆ ಗುಂಡಿಯೇ ಇದೆ, ಅದನ್ನು ಒತ್ತಬೇಕು.

ಇನ್ನು ಡಿಜಿಕ್ಯಾಮ್. ಇದು ಉಚಿತ, ಮುಕ್ತ ತಂತ್ರಾಂಶ. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ, ನೆಟ್ ಬೇಕಿಲ್ಲ. ಮುಖ ಗುರುತಿಸುವುದಕ್ಕೆ ಬೇಕಾದ ಫೈಲುಗಳನ್ನು ಒಮ್ಮೆ ಇಳಿಸಿಕೊಂಡರೆ ಸಾಕು, ಆಮೇಲೆ ಎಲ್ಲ ನಮ್ಮ ಕಂಪ್ಯೂಟರಿನಲ್ಲೇ. ನೋಡಲು ಚೆಂದವಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾಲ್ಕೂ ಕಡೆ ಪಟ್ಟಿ, ಪಟ್ಟಿಯೊಳಗೆ ಗುಂಡಿ, ಗುಂಡಿಯೊಳಗೆ ಮತ್ತೆ ಪಟ್ಟಿ. ನನ್ನ ತಮ್ಮ ಒಮ್ಮೆ ನೋಡಿ, "ಇದೇನಣ್ಣ, ವಿಮಾನ ಓಡಿಸ್ತಿದ್ದೀಯಾ?" ಅಂದ.

ಆದರೆ ತಾರೀಖಿನ ಗೋಜಲು ಬಿಡಿಸಿದ್ದು ಇದೇ. ನಮ್ಮ ಹಳೆ ಡಿಜಿಟಲ್ ಕ್ಯಾಮೆರಾದ ಬ್ಯಾಟರಿ ಬಹಳ ದಿನ ಸತ್ತಿದ್ದರೆ ಗಡಿಯಾರ ಮೊದಲಿಗೆ ಹೋಗಿಬಿಡುತ್ತಿತ್ತು. ಹಾಗಾಗಿ ಒಂದಿಡೀ ಕಾಫಿ ಕುಯ್ಲಿನ ಫೋಟೋಗಳು ಎಷ್ಟೋ ವರ್ಷ ಹಿಂದಿನ ಜನವರಿ 1ಕ್ಕೆ ಹೋಗಿ ಕೂತಿದ್ದವು. ಡಿಜಿಕ್ಯಾಮ್‌ನಲ್ಲಿ ಅಷ್ಟನ್ನೂ ಒಟ್ಟಿಗೆ ಆರಿಸಿ, ಇಷ್ಟು ವರ್ಷ ಇಷ್ಟು ದಿನ ಮುಂದಕ್ಕೆ ತಳ್ಳು ಅಂದರೆ ಒಂದೇ ಸಲಕ್ಕೆ ತಳ್ಳುತ್ತದೆ. ವಾಟ್ಸಾಪ್‌ನಲ್ಲಿ ಬಂದ ಫೋಟೋಗಳದು ಬೇರೆ ಕಥೆ. ಮಾಮೂಲಿಯಾಗಿ ಕಳಿಸಿದ ಫೋಟೋದಲ್ಲಿ ತೆಗೆದ ತಾರೀಖು, ಜಾಗ ಎರಡೂ ಉಳಿಯುವುದಿಲ್ಲ. ಫೈಲಿನ ಹೆಸರಲ್ಲಿ ಮಾತ್ರ ವರ್ಷ, ತಿಂಗಳು, ದಿನ ಇರುತ್ತದೆ. ಆ ಹೆಸರಿನಿಂದಲೇ ತಾರೀಖು ಓದಿಕೊಂಡು ಫೋಟೋದೊಳಗೆ ಬರೆಯುವ ಸೌಕರ್ಯ ಇದರಲ್ಲಿದೆ. ಅದು ತೆಗೆದ ದಿನವಲ್ಲ, ವಾಟ್ಸಾಪ್‌ನಲ್ಲಿ ಬಂದ ದಿನ. ಹೂ ಬಂದ ವಾರ ಯಾವುದು ಅಂತ ತಿಳಿಯಲು ಅಷ್ಟು ಸಾಕು.

ಟ್ಯಾಗ್‌ಗಳನ್ನು ಕನ್ನಡದಲ್ಲೇ ಬರೆದೆ, ಏನೂ ತಕರಾರಿಲ್ಲ. ತೋಟ ಅಂತ ಒಂದು, ಅದರ ಕೆಳಗೆ ಹೂಮಳೆ, ಕುಯ್ಲು, ಕಣ, ಮೆಣಸು. ಹೂಮಳೆ ಒತ್ತಿದರೆ ಎಲ್ಲ ವರ್ಷದ ಹೂವೂ ತಾರೀಖಿನ ಸಾಲಲ್ಲಿ ಬರುತ್ತದೆ. ಜಿಪಿಎಸ್ ಇಲ್ಲದ ಕ್ಯಾಮೆರಾದ ಫೋಟೋಗಳನ್ನು ನಕ್ಷೆಯ ಮೇಲೆ ಎಳೆದು ಹಾಕಿದರೆ ಜಾಗವೂ ದಾಖಲಾಗುತ್ತದೆ. ಮುಖ ಗುರುತಿಸುವುದರಲ್ಲಿ ಮಾತ್ರ ಗೂಗಲ್‌ನಷ್ಟು ಚುರುಕಿಲ್ಲ. ಒಬ್ಬೊಬ್ಬರದೂ ಕೆಲವು ಮುಖಕ್ಕೆ ನಾವೇ ಹೆಸರು ಕೊಡಬೇಕು, ಆಮೇಲೆ ಇವರಿರಬಹುದಾ ಅಂತ ಅದು ಕೇಳುತ್ತದೆ, ನಾವು ಹೌದು ಇಲ್ಲ ಅನ್ನಬೇಕು. ನಮ್ಮ ಲ್ಯಾಪ್‌ಟಾಪಿನಲ್ಲಿ ರಾತ್ರಿ ಹಚ್ಚಿಟ್ಟು ಮಲಗುವ ಕೆಲಸ ಅದು.

ಜೋಡಿಸುವುದು ಬಿಟ್ಟು ತಿದ್ದುವುದಕ್ಕೆ ಬಂದರೆ ಲೆಕ್ಕ ತಲೆಕೆಳಗಾಗುತ್ತದೆ. ನಾನು ಮೂರಕ್ಕೂ ಕೊಟ್ಟ ಪರೀಕ್ಷೆ ಬೇಲೂರಿನದು. ಚೆನ್ನಕೇಶವ ದೇವಸ್ಥಾನದ ನವರಂಗದಲ್ಲಿ ನಿಂತು ಬಾಗಿಲ ಕಡೆ ತೆಗೆದರೆ ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಕತ್ತಲು, ನಡುವೆ ಹೊಳೆಯುವ ಕಂಬಗಳು. ಹೊರಗಡೆ ಮದನಿಕೆಯರದು ಇನ್ನೊಂದು ಕಷ್ಟ. ಅವರು ಇರುವುದೇ ಸೂರಿನ ಕೆಳಗೆ, ನೆರಳಲ್ಲಿ, ಹಿಂದೆ ಬೆಳ್ಳನೆ ಆಕಾಶ. ಬಳಪದ ಕಲ್ಲಿನ ಆ ಸೂಕ್ಷ್ಮ ಕೆತ್ತನೆಯೆಲ್ಲ ಫೋಟೋದಲ್ಲಿ ಕಪ್ಪು ಮುದ್ದೆ.

ಅಡೋಬಿ ಕಂಪನಿಯ, ಚಂದಾ ಕಟ್ಟಿ ಬಳಸುವ ಲೈಟ್‌ರೂಮ್ ಕ್ಲಾಸಿಕ್ ಇದನ್ನು ಬಿಡಿಸಿದ ರೀತಿ ನೋಡಿ ಖುಷಿಯಾಯಿತು. ರಾ ಫೈಲಿನ ನೆರಳನ್ನು ಎತ್ತಿದೆ, ಬಾಗಿಲ ಬೆಳಕನ್ನು ಇಳಿಸಿದೆ, ಆಕಾಶವನ್ನು ಮಾತ್ರ ಬೇರೆ ಮಾಡಿ ತಗ್ಗಿಸಿದೆ. ಕಂಬದ ಉಂಗುರಗಳೂ ಕಂಡವು, ಹೊರಗಿನ ಅಂಗಳವೂ ಉಳಿಯಿತು. 2023ರಲ್ಲಿ ಬಂದ ಎಐ ಡಿನಾಯ್ಸ್ ಕತ್ತಲೆಯ ಕಾಳುಕಾಳನ್ನು ಚೆನ್ನಾಗಿ ತೆಗೆಯುತ್ತದೆ. ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಒಂದೊಂದು ಫೋಟೋಗೂ ಕಾಯುತ್ತಾ ಕೂರಬೇಕು. ಮಂಜು ತೆಗೆಯುವ ಡಿಹೇಜ್ ಅನ್ನು ಮುಳ್ಳಯ್ಯನಗಿರಿಯ ಫೋಟೋಗೆ ಹಚ್ಚಿದವರನ್ನು ನೋಡಿದರೆ ನನಗೆ ನಗು ಬರುತ್ತದೆ. ಮಂಜಿಗೋಸ್ಕರ ಬೆಟ್ಟ ಹತ್ತಿ, ಮನೆಗೆ ಬಂದು ಅದನ್ನೇ ಒರೆಸುವುದು!

ಗೂಗಲ್ ಫೋಟೋಸ್‌ನಲ್ಲಿ ಅದೇ ಫೋಟೋ ಪರವಾಗಿಲ್ಲ ಅನ್ನುವಷ್ಟು ಬಂತು. ಹಿಂದೆ ನಿಂತ ಪ್ರವಾಸಿಗರನ್ನು ಅಳಿಸುವ ಮ್ಯಾಜಿಕ್ ಎರೇಸರ್ 2024ರಿಂದ ಎಲ್ಲರಿಗೂ ಬಿಟ್ಟಿ. ಬಯಲು, ಆಕಾಶದ ಮುಂದೆ ಅದು ಸರಿ. ಕೆತ್ತನೆಯ ಮುಂದೆ ನಿಂತವರನ್ನು ಅಳಿಸಿದರೆ ಹೊಯ್ಸಳರು ಕೆತ್ತದೇ ಇದ್ದದ್ದನ್ನೂ ಕೆತ್ತಿಕೊಡುತ್ತದೆ, ಅದು ಬೇಡ. ಡಿಜಿಕ್ಯಾಮ್‌ನಲ್ಲೂ ತಿದ್ದುಪಡಿ ಇದೆ, ಅಷ್ಟಕ್ಕಷ್ಟೇ. ದುಡ್ಡು ಕೊಡಲು ಇಷ್ಟವಿಲ್ಲದವರು ಅದರ ಪಕ್ಕದಲ್ಲಿ ಡಾರ್ಕ್‌ಟೇಬಲ್ ಎಂಬ ಉಚಿತ ತಂತ್ರಾಂಶ ಇಟ್ಟುಕೊಳ್ಳಬಹುದು. ಕಲಿಯಲು ಕಷ್ಟ, ಕಲಿತರೆ ರಾ ಕೆಲಸಕ್ಕೆ ಗಟ್ಟಿ. ಫೋನಿನ ಫೋಟೋಗೆ ಸ್ನ್ಯಾಪ್‌ಸೀಡ್ ಆ್ಯಪ್ ಸಾಕು.

ಹಂಚುವುದರಲ್ಲಿ ತಂತ್ರಾಂಶಕ್ಕಿಂತ ನೆಂಟರ ಮಾತೇ ನಡೆಯುವುದು. ಮದುವೆ ಫೋಟೋಗಳ ಗೂಗಲ್ ಆಲ್ಬಮ್ ಮಾಡಿ ಲಿಂಕ್ ಕಳಿಸಿದೆ. ಬೆಂಗಳೂರಿನ ಹುಡುಗರು ತಕ್ಷಣ ತಮ್ಮ ಫೋಟೋಗಳನ್ನೂ ಅದಕ್ಕೇ ಸೇರಿಸಿದರು. ಮೂಡಿಗೆರೆಯ ಚಿಕ್ಕಮ್ಮ ಫೋನ್ ಮಾಡಿ, "ಲಿಂಕು ಗಿಂಕು ಬೇಡ ಮಾರಾಯ, ಫೋಟೋನೇ ಹಾಕು" ಅಂದರು. ಹಾಕಿದೆ. ಪ್ರಿಂಟ್ ಹಾಕಿಸುವವರಿಗೆ ಮಾತ್ರ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸುತ್ತೇನೆ, ಆಗ ಮೂಲ ಫೈಲು ಹಾಗೇ ಹೋಗುತ್ತದೆ. ಹಾಗೆ ಹೋಗುವಾಗ ಫೋಟೋ ತೆಗೆದ ಜಾಗವೂ ಜೊತೆಗೇ ಹೋಗುತ್ತದೆ. ತೋಟದ ಮನೆಯ ಗುರುತು ಊರಿಗೆಲ್ಲ ಬೇಡ ಅನ್ನುವವರು ಅದನ್ನು ಮೊದಲು ತೆಗೆಯಬೇಕು. ಲೈಟ್‌ರೂಮ್‌ನಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ಅದಕ್ಕೆ ಒಂದು ಟಿಕ್ ಇದೆ.

ಇಷ್ಟಾದ ಮೇಲೂ ನಾನು ಒಂದನ್ನು ಆರಿಸಿದ್ದು ಬೇರೆಯೇ ಕಾರಣಕ್ಕೆ. ಪಿಕಾಸಾ ಹೋದ ಹಾಗೆ ಇವೂ ಒಂದು ದಿನ ಹೋದರೆ ನಾವು ಕೂತು ಬರೆದ ಹೆಸರು, ತಾರೀಖುಗಳ ಗತಿ ಏನು? ಒಂದೇ ಫೋಲ್ಡರನ್ನು ಮೂರರಿಂದಲೂ ಹೊರಗೆ ತೆಗೆದು ನೋಡಿದೆ.

ಗೂಗಲ್‌ನಿಂದ, ನಮ್ಮದನ್ನೆಲ್ಲ ಇಳಿಸಿಕೊಳ್ಳಲು ಇರುವ ಅದರ ಟೇಕೌಟ್ ಸೇವೆಯ ಮೂಲಕ ಜಿಪ್ ಫೈಲುಗಳು ಬಂದವು. ಫೋಟೋ ಬಂತು. ಆದರೆ ಒಳಗೆ ನಾನು ತಿದ್ದಿದ್ದ ತಾರೀಖು ಫೋಟೋದಲ್ಲಿರಲಿಲ್ಲ, ಪಕ್ಕದಲ್ಲಿ ಬಂದ ಜೇಸನ್ ಎಂಬ ಸಣ್ಣ ಫೈಲಿನಲ್ಲಿತ್ತು. ಅದನ್ನು ಮತ್ತೆ ಫೋಟೋಗೆ ಸೇರಿಸಲು ಇನ್ನೊಂದು ತಂತ್ರಾಂಶ ಬೇಕು. ಡಿಜಿಕ್ಯಾಮ್‌ನ ಮೆಟಾಡೇಟಾ ಸೆಟ್ಟಿಂಗ್‌ನಲ್ಲಿ ಟಿಕ್ ಹಾಕಿದ್ದರೆ ಹೆಸರು, ಟ್ಯಾಗ್, ತಾರೀಖು ಎಲ್ಲ ಫೋಟೋ ಫೈಲಿನೊಳಗೇ ಇರುತ್ತವೆ. ಅಲ್ಲಿ ಬರೆದ ಮುಖದ ಹೆಸರು ಲೈಟ್‌ರೂಮ್‌ಗೂ ಕಂಡಿತು. ಗೂಗಲ್ ಅದನ್ನು ಕೇರ್ ಮಾಡಲಿಲ್ಲ. ಲೈಟ್‌ರೂಮ್ ತನ್ನದೆಲ್ಲವನ್ನೂ ಕ್ಯಾಟಲಾಗ್ ಎಂಬ ಒಂದು ಫೈಲಿನಲ್ಲಿ ಇಟ್ಟುಕೊಳ್ಳುತ್ತದೆ. ನಾವು ಹೇಳಿದರೆ ಮಾತ್ರ ಫೋಟೋಗೂ ಬರೆಯುತ್ತದೆ. ಚಂದಾ ನಿಲ್ಲಿಸಿದ ಮೇಲೂ ಕ್ಯಾಟಲಾಗ್ ತೆರೆಯಬಹುದು, ಫೋಟೋ ಹೊರಗೆ ತೆಗೆಯಬಹುದು. ಆದರೆ ತಿದ್ದುವ ಡೆವಲಪ್ ವಿಭಾಗ, ನಕ್ಷೆಯ ವಿಭಾಗ ಎರಡೂ ಮುಚ್ಚುತ್ತವೆ.

ಹಾಗಾಗಿ ನಮ್ಮಲ್ಲಿ ಈಗ ಮೊದಲು ಡಿಜಿಕ್ಯಾಮ್, ಅದರ ಪ್ರತಿ ಎರಡು ಹಾರ್ಡ್‌ಡಿಸ್ಕ್‌ಗಳಲ್ಲಿ, ಒಂದು ಪೇಟೆ ಮನೆಯಲ್ಲಿ, ಇನ್ನೊಂದು ತೋಟದ ಮನೆಯಲ್ಲಿ. ಆರಿಸಿದ ಫೋಟೋ ಮಾತ್ರ ಕುಗ್ಗಿಸಿ ಗೂಗಲ್‌ಗೆ. ಲೈಟ್‌ರೂಮ್ ಚಂದಾ ಮುಗಿಯಲು ಬಂದಿದೆ. ಡಾರ್ಕ್‌ಟೇಬಲ್‌ನಲ್ಲಿ ಮದನಿಕೆಯರ ಮುಖ ಇನ್ನೂ ನನಗೆ ಬೇಕಾದ ಹಾಗೆ ಬಂದಿಲ್ಲ, ಅದಕ್ಕೇ ಇನ್ನೊಂದು ವರ್ಷ ಕಟ್ಟುವುದೋ ಬೇಡವೋ ಅಂತ ನೋಡುತ್ತಿದ್ದೇನೆ.