ಕನಜಾವಾದ ನೊಮುರಾ ಸಮುರಾಯ್ ಮನೆ: 550 ಯೆನ್‌ಗೆ ಏನು ಸಿಗುತ್ತದೆ?

ಮೊದಲೇ ಹೇಳಿಬಿಡುತ್ತೇನೆ, ಕತ್ತಿ ಎತ್ತಿ ಹಿಡಿದು ಫೋಟೊ ತೆಗೆಸಿಕೊಳ್ಳಬೇಕು ಅನ್ನುವವರಿಗೆ ಈ ಜಾಗ ಅಲ್ಲ. ಇಲ್ಲಿ ಕವಚ ಇದೆ, ನೋಡೋಕೆ ಮಾತ್ರ. ಉಳಿದದ್ದು ಒಂದು ಮನೆ, ಒಂದು ಪುಟ್ಟ ತೋಟ, ಕೆಲವು ಹಳೆಯ ಕಾಗದ. ಆದರೂ ಜಪಾನಿಗೆ ಬಂದು ನಾಲ್ಕು ವರ್ಷ ಆದ ಮೇಲೆ ಸಮುರಾಯ್ ಅಂದರೆ ಯಾರು ಅಂತ ನನಗೆ ಒಂಚೂರು ಅರ್ಥವಾಗಿದ್ದು ಇಲ್ಲೇ.

ಹಿಂದೊಮ್ಮೆ ಕ್ಯೋಟೊದಲ್ಲಿ ಒಂದು 'ಸಮುರಾಯ್ ಅನುಭವ'ದ ಅಂಗಡಿಗೆ ಹೋಗಿದ್ದೆವು. ಹೆಸರು ಬೇಡ ಬಿಡಿ. ಮಗನ ಹಟ, ಒಬ್ಬರಿಗೆ 9000 ಯೆನ್, ಒಂದು ಗಂಟೆ. ಪ್ಲಾಸ್ಟಿಕ್ ಕವಚ, ಅಲ್ಯೂಮಿನಿಯಂ ಕತ್ತಿ, ಅದನ್ನೂ ನನ್ನ ಸೊಂಟಕ್ಕೆ ಉಲ್ಟಾ ಸಿಕ್ಕಿಸಿದರು. ಕತಾನಾ ಸಿಕ್ಕಿಸುವಾಗ ಹರಿತವಾದ ಕಡೆ ಮೇಲೆ ಇರಬೇಕು, ಒರೆಯಿಂದ ಎಳೆದ ಕೈಯಲ್ಲೇ ಬೀಸಲು ಬರಬೇಕಲ್ಲ. ಆಮೇಲೆ ಒಬ್ಬ ಹುಡುಗ ಬಂದು ಒಂದು ಬೋರ್ಡ್ ತೋರಿಸಿ, ಇವು ಬುಶಿದೊದ, ಅಂದರೆ ಸಮುರಾಯ್ ನಡವಳಿಕೆಯ ನೀತಿಯ, ಏಳು ಗುಣ, ಸಾವಿರ ವರ್ಷದಿಂದ ಸಮುರಾಯ್‌ಗಳು ಬಾಯಿಪಾಠ ಮಾಡಿಕೊಂಡು ಬಂದದ್ದು ಅಂದ. ಮನೆಗೆ ಬಂದು ಓದಿದರೆ ಕಥೆಯೇ ಬೇರೆ. ಈ ಥರದ ಪಟ್ಟಿ ಜಗತ್ತಿಗೆಲ್ಲ ಹಬ್ಬಿದ್ದು ನಿತೊಬೆ ಇನಾಜೊ ಅನ್ನುವವರ ಪುಸ್ತಕದಿಂದ. ಅದು ಅಚ್ಚಾಗಿದ್ದು 1900ರಲ್ಲಿ, ಅಮೆರಿಕದಲ್ಲಿ, ಇಂಗ್ಲಿಷಿನಲ್ಲಿ, ಹೊರದೇಶದವರು ಓದಲಿ ಅಂತ. ಆ ಹೊತ್ತಿಗೆ ಸಮುರಾಯ್ ಅನ್ನುವ ವರ್ಗವೇ ಮುಗಿದು ಇಪ್ಪತ್ತು ವರ್ಷಕ್ಕೂ ಜಾಸ್ತಿ ಆಗಿತ್ತು.

ಹಾಗಾಗಿ ಕನಜಾವಾಕ್ಕೆ ಹೊರಡುವಾಗ ನನಗೆ ದೊಡ್ಡ ಆಸೆ ಏನೂ ಇರಲಿಲ್ಲ. ಟೋಕಿಯೊದಿಂದ ಹೋಗುವವರಿಗೆ ಶಿಂಕಾನ್‌ಸೆನ್ ಬುಲೆಟ್ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ನಮ್ಮ ಹಾಗೆ ಒಸಾಕಾದಿಂದ ಹೊರಡುವವರು ಒಂದು ವಿಷಯ ನೆನಪಿಡಿ, 2024ರ ಮಾರ್ಚ್‌ನಿಂದ ಥಂಡರ್‌ಬರ್ಡ್ ರೈಲು ತ್ಸುರುಗಾವರೆಗೆ ಮಾತ್ರ ಬರುತ್ತದೆ, ಅಲ್ಲಿ ಇಳಿದು ಶಿಂಕಾನ್‌ಸೆನ್ ಹತ್ತಬೇಕು. ಕನಜಾವಾ ಸ್ಟೇಷನ್‌ನಿಂದ ಬಸ್ಸಿನಲ್ಲಿ ಕೊರಿಂಬೊ ಸ್ಟಾಪ್, ಅಲ್ಲಿಂದ ಸಮುರಾಯ್‌ಗಳಿದ್ದ ಹಳೆಯ ಬಡಾವಣೆ ನಾಗಮಾಚಿಯ ಬೀದಿಗಳಿಗೆ ನಡೆದೇ ಹೋಗಬಹುದು.

ಟಿಕೆಟ್‌ಗೆ ಮುಂಚೆ ಆ ಬೀದಿಗಳನ್ನೇ ಒಂದು ಸುತ್ತು ಹಾಕಿ. ಎರಡೂ ಕಡೆ ಜೇಡಿಮಣ್ಣಿನ ಗೋಡೆ, ಪಕ್ಕದಲ್ಲಿ ಸಣ್ಣ ಕಾಲುವೆ ಹರಿಯುತ್ತಿರುತ್ತದೆ. ನಾವು ಹೋಗಿದ್ದು ಡಿಸೆಂಬರ್ ಕೊನೆಗೆ, ಗೋಡೆಗಳಿಗೆಲ್ಲ ಹುಲ್ಲಿನ ಚಾಪೆ ಕಟ್ಟಿದ್ದರು. ಹಿಮದ ತೇವ ಮಣ್ಣಿನೊಳಗೆ ಇಳಿದು ಹೆಪ್ಪುಗಟ್ಟಿದರೆ ಗೋಡೆ ಬಿರುಕು ಬಿಡುತ್ತದಂತೆ, ಅದಕ್ಕೆ ಪ್ರತಿ ಚಳಿಗಾಲಕ್ಕೂ ಈ ಹೊದಿಕೆ. ಗೋಡೆಗೆ ಕಂಬಳಿ ಹೊದಿಸಿದ್ದಾರೆ ಅಂತ ನನ್ನ ಹೆಂಡತಿ ಹತ್ತು ಫೋಟೊ ತೆಗೆದಳು.

ನಾವು ಹೋದಾಗ ಟಿಕೆಟ್ ದೊಡ್ಡವರಿಗೆ 550 ಯೆನ್. ಬಾಗಿಲಲ್ಲೇ ನೊಮುರಾ ದೆಂಬೆ ನೊಬುಸದಾನ ಕವಚ. ಈ ಸೀಮೆಯ ಒಡೆಯ ಮಾಯೆದಾ ತೋಶಿಯಿಯೆ 1583ರಲ್ಲಿ ಕನಜಾವಾ ಕೋಟೆಗೆ ಬಂದಾಗ ಅವನ ಜತೆ ಬಂದವನು ಈ ದೆಂಬೆ. ಆಮೇಲೆ ತಲೆಮಾರುಗಳ ಕಾಲ ಈ ಮನೆಯವರು ಒಡೆಯನ ಕುದುರೆ ಪಡೆಯ ಮುಖ್ಯಸ್ಥರಾಗಿ, ನಾನಾ ಇಲಾಖೆ ನೋಡಿಕೊಳ್ಳುವ ಅಧಿಕಾರಿಗಳಾಗಿ ಇದ್ದರು. ಜಾಗ ಸಾವಿರ ತ್ಸುಬೊಗಿಂತ ಜಾಸ್ತಿ ಇತ್ತಂತೆ. ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ ಮೂವತ್ತು ನಲವತ್ತರ ಸೈಟು ಸುಮಾರು 30. ಊರ ನಡುವೆ!

ಈಗ ತಮಾಷೆ ಕೇಳಿ. ಕವಚ ದಾಟಿ ಒಳಗೆ ಹೋದರೆ ಸೈಪ್ರೆಸ್ ಮರದ ಚೌಕುಳಿ ಚಾವಣಿ ಇರುವ ಅದ್ಭುತ ಕೋಣೆ, ಮಾಯೆದಾ ದೊರೆಗಳ ಆಸ್ಥಾನದ ಚಿತ್ರಕಾರ ಸಾಸಾಕಿ ಸೆಂಕೆ ಬಿಡಿಸಿದ ಬಾಗಿಲುಗಳು. ಸಮುರಾಯ್ ಅಂದರೆ ಹೀಗಿರಬೇಕು ಅಂತ ನಾನು ಬಾಯಿ ಬಿಟ್ಟು ನೋಡುತ್ತಿದ್ದೆ. ಆಮೇಲೆ ವಿವರ ಓದಿದೆ. ಈ ಕೋಣೆ ನೊಮುರಾ ಮನೆಯದ್ದೇ ಅಲ್ಲ! ಹಾಶಿದಾತೆ ಅನ್ನುವ ಬಂದರು ಊರಿನ ಹಡಗು ವ್ಯಾಪಾರಿ ಕುಬೊ ಹಿಕೊಬೆ ತನ್ನ ಒಡೆಯನನ್ನು ಬರಮಾಡಿಕೊಳ್ಳಲು ಕಟ್ಟಿಸಿದ್ದು, 20ನೇ ಶತಮಾನದಲ್ಲಿ ಬಿಚ್ಚಿ ತಂದು ಇಲ್ಲಿ ಜೋಡಿಸಿದ್ದಾರೆ. ನೊಮುರಾಗಳ ಮನೆ ಯಾವತ್ತೋ ಹೋಯಿತು. ಅವರದು ಅಂತ ಉಳಿದಿರುವುದು ಗೋಡೆ ಮತ್ತು ತೋಟದ ಒಂದಷ್ಟು ಭಾಗ.

ಇದನ್ನು ಮೋಸ ಅಂತ ಬರೆದವರೂ ಇದ್ದಾರೆ. ನನಗೆ ಹಾಗೆ ಅನ್ನಿಸಲಿಲ್ಲ, ಮುಚ್ಚಿಟ್ಟಿಲ್ಲವಲ್ಲ. ನಿಜ ಹೇಳಬೇಕೆಂದರೆ ಇಡೀ ಮನೆಯಲ್ಲಿ ನನಗೆ ಹಿಡಿಸಿದ್ದೇ ಈ ವಿಷಯ. 1871ರಲ್ಲಿ ಸಂಸ್ಥಾನಗಳು ರದ್ದಾದವು. 1873ರಲ್ಲಿ ಎಲ್ಲ ವರ್ಗದ ಹುಡುಗರನ್ನೂ ಸೇನೆಗೆ ಸೇರಿಸುವ ಕಾನೂನು ಬಂತು, ಅಂದರೆ ಯುದ್ಧ ಮಾಡೋದು ಇವರೊಬ್ಬರ ಕೆಲಸ ಅನ್ನೋದು ಹೋಯಿತು. 1876ರಲ್ಲಿ ರಸ್ತೆಯಲ್ಲಿ ಕತ್ತಿ ಕಟ್ಟಿಕೊಂಡು ಓಡಾಡಬಾರದು ಅಂತಾಯಿತು, ಅದೇ ವರ್ಷ ವಂಶಪಾರಂಪರ್ಯವಾಗಿ ಬರುತ್ತಿದ್ದ ಸಂಬಳವನ್ನೂ ನಿಲ್ಲಿಸಿ ಸರ್ಕಾರಿ ಬಾಂಡ್ ಕೈಗೆ ಕೊಟ್ಟರು. ಐದೇ ವರ್ಷ. ಸೈಟು ಮಾರಿದರು, ಮನೆ ಒಡೆದರು, ಕಡೆಗೆ ಅದೇ ಜಾಗದಲ್ಲಿ ಬಂದು ಕೂತಿದ್ದು ವ್ಯಾಪಾರಿಯ ಕೋಣೆ. ವ್ಯಾಪಾರಿಗಳನ್ನು ಸಮುರಾಯ್‌ಗಳು ತಮಗಿಂತ ಎಷ್ಟೋ ಕೆಳಗಿನವರು ಅಂತ ಕಾಣುತ್ತಿದ್ದರು ಅನ್ನೋದು ನೆನಪಿದ್ದರೆ ಆ ಚಾವಣಿ ಬೇರೆ ಥರ ಕಾಣಿಸುತ್ತದೆ.

ಇನ್ನೊಂದು ಕಾಗದವನ್ನು ಬಿಡದೆ ಓದಿ, ಪಕ್ಕದಲ್ಲಿ ಇಂಗ್ಲಿಷ್ ಅನುವಾದ ಇದೆ. ಯುದ್ಧದಲ್ಲಿ ಶತ್ರುವಿನ ಕಡೆಯ ದೊಡ್ಡ ಯೋಧನನ್ನು ಕೊಂದು ತಲೆ ತಂದೊಪ್ಪಿಸಿದ್ದಕ್ಕೆ ಒಡೆಯ ಈ ಮನೆತನದವನಿಗೆ ಬರೆದ ಥ್ಯಾಂಕ್ಸ್ ಪತ್ರ ಅದು. ಧಾಟಿ ಹೇಗಿದೆ ಅಂದರೆ ನಮ್ಮ ಆಫೀಸಿನಲ್ಲಿ ಕ್ವಾರ್ಟರ್ ಮುಗಿದಾಗ ಬರುವ ಮೆಚ್ಚುಗೆಯ ಮೇಲ್ ಥರಾನೇ ಇದೆ, ಕಷ್ಟಪಟ್ಟು ಕೆಲಸ ಮಾಡಿದ್ದೀಯ, ಸಂತೋಷವಾಯಿತು, ಹೀಗೆ. ಯುದ್ಧ ಮುಗಿದ ಮೇಲೆ ತಲೆಗಳನ್ನು ಒಡೆಯನ ಮುಂದಿಟ್ಟು ಯಾರು ಯಾರದ್ದು ತಂದರು ಅಂತ ಪರೀಕ್ಷೆ ಮಾಡಿ ಬಹುಮಾನ ಕೊಡುತ್ತಿದ್ದರು. ಹಾಗಾಗಿ ಇಂಥ ಪತ್ರ ಅಂದರೆ ಮನೆತನದ ಸರ್ಟಿಫಿಕೇಟ್. ಜೋಪಾನ ಮಾಡದೆ ಇರುತ್ತಾರಾ? ಮಗ ಎರಡು ಸಲ ಓದಿ ಕೇಳಿದ, "ಅಪ್ಪಾ, ತಲೆ ತರದೆ ಇದ್ದರೆ ಸಂಬಳ ಕೊಡ್ತಿರಲಿಲ್ವಾ?"

ಒಳ್ಳೆ ಪ್ರಶ್ನೆ. ಯಾಕೆಂದರೆ 1615ರ ಒಸಾಕಾ ಯುದ್ಧ, ಆಮೇಲೆ 1638ರಲ್ಲಿ ಮುಗಿದ ಶಿಮಬಾರಾ ದಂಗೆ, ಅಲ್ಲಿಗೆ ದೊಡ್ಡ ಕಾದಾಟ ಮುಗಿದೇ ಹೋಯಿತು. ಮುಂದೆ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ತಲೆ ತರುವ ಸಂದರ್ಭವೇ ಬರಲಿಲ್ಲ, ಸಂಬಳ ಮಾತ್ರ ಅಕ್ಕಿಯ ಲೆಕ್ಕದಲ್ಲಿ ಬರುತ್ತಿತ್ತು. ಒಂದು ಕೊಕು ಅಂದರೆ ಸುಮಾರು 150 ಕಿಲೊ ಅಕ್ಕಿ, ಒಬ್ಬ ಮನುಷ್ಯನಿಗೆ ಒಂದು ವರ್ಷಕ್ಕೆ ಬೇಕಾಗುವಷ್ಟು. ನೊಮುರಾಗಳದು 1000ದಿಂದ 1200 ಕೊಕು. ಅಷ್ಟೂ ಕೈಗೆ ಬರುತ್ತಿರಲಿಲ್ಲ, ಒಂದು ಪಾಲು ಮಾತ್ರ, ಅದರಲ್ಲೇ ಆಳುಕಾಳುಗಳನ್ನೂ ಸಾಕಬೇಕು. ಅವರ ಒಡೆಯನದು ಹತ್ತು ಲಕ್ಷ ಕೊಕು ದಾಟಿದ ಸಂಸ್ಥಾನ. ಅವನು ಎಡೊಗೆ, ಅಂದರೆ ಈಗಿನ ಟೋಕಿಯೊಗೆ, ಸರದಿ ಪ್ರಕಾರ ಹೋಗಿ ಬರಬೇಕಿತ್ತು. ಸುಮಾರು 480 ಕಿಲೊಮೀಟರ್, ಹನ್ನೆರಡು ಹದಿಮೂರು ದಿನದ ಪಯಣ, ಜತೆಗೆ ಸಾವಿರಾರು ಜನ. ಖರ್ಚು ಯೋಚನೆ ಮಾಡಿ. ಇನ್ನು ಕೆಲಸ ಕಡಿಮೆ, ಸಮುರಾಯ್‌ಗಳು ಜಾಸ್ತಿ ಆಗಿದ್ದರಿಂದ ಕೆಲವರಿಗೆ ಪಾಳಿಯೇ ಅಪರೂಪ. ನಗೋಯಾ ಕೋಟೆಯ ಒಬ್ಬ ಸಮುರಾಯ್ ಬರೆದಿಟ್ಟ ಡೈರಿ ಇದೆ, ಅವನ ಕಾವಲಿನ ಸರದಿ ಒಂಬತ್ತು ದಿನಕ್ಕೊಮ್ಮೆ ಬರುತ್ತಿತ್ತು!

ನಾನು ಲೆಕ್ಕಪತ್ರದ ಕೆಲಸದವನು, ಅದಕ್ಕೇ ಇದೊಂದನ್ನು ಹೇಳದೆ ಇರಲಾರೆ. ಇದೇ ಕನಜಾವಾದಲ್ಲಿ ಇನೋಯಾಮಾ ಅನ್ನುವ ಸಮುರಾಯ್ ಮನೆತನ ಇತ್ತು, ಸಂಸ್ಥಾನದ ಲೆಕ್ಕ ಬರೆಯುವುದೇ ಇವರ ಕೆಲಸ. ಕತ್ತಿ ಸೊಂಟದಲ್ಲಿ, ಲೆಕ್ಕ ಮಾಡುವ ಮಣಿ ಚೌಕಟ್ಟು ಕೈಯಲ್ಲಿ. 1842ರ ಹೊತ್ತಿಗೆ ಇವರ ಸಾಲ ವರ್ಷದ ಆದಾಯದ ಸುಮಾರು ಎರಡರಷ್ಟಾಗಿತ್ತು, ಮನೆಯ ಸಾಮಾನೆಲ್ಲ ಮಾರಿ ಒಂದು ಭಾಗ ತೀರಿಸಿದರು, ಅಲ್ಲಿಂದ ಮುಂದೆ ಪೈಸೆ ಪೈಸೆಯನ್ನೂ ಬರೆದಿಟ್ಟರು. ಮಗುವಿನ ಶುಭಕಾರ್ಯಕ್ಕೆ 'ತಾಯ್' ಅನ್ನುವ ಜಾತಿಯ ಮೀನು ಬಡಿಸಲೇಬೇಕು, ದುಡ್ಡಿಲ್ಲ. ಏನು ಮಾಡಿದರು ಗೊತ್ತಾ? ಮೀನಿನ ಚಿತ್ರ ಬರೆದು ಇಟ್ಟರು. ಆ ಲೆಕ್ಕದ ಪುಸ್ತಕ ನೊಮುರಾ ಮನೆಯಲ್ಲಿಲ್ಲ, ಆದರೆ ನಾಗಮಾಚಿ ಗೋಡೆಗಳ ಪಕ್ಕ ನಡೆಯುವಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಅದೇ ಮೀನು.

ತೋಟದ ಬಗ್ಗೆ ಎಲ್ಲರೂ ಬರೆಯುತ್ತಾರೆ, ಮಿಷೆಲಿನ್ ಹಸಿರು ಗೈಡ್‌ನಲ್ಲಿ ಎರಡು ನಕ್ಷತ್ರ ಬೇರೆ. ಪುಟ್ಟದು, ಆದರೆ ಜಗಲಿ ಅಂಚಿಗೇ ನೀರು ಬರುತ್ತದೆ, ಹೊರಗಿನ ಕಾಲುವೆಯದ್ದೇ ನೀರು, ದೊಡ್ಡ ದೊಡ್ಡ ಮೀನು. ಬೆಳಿಗ್ಗೆ ಬೇಗ ಹೋದರೆ ಸುಮ್ನೆ ಕೂರಬಹುದು. ಮೇಲೆ ಚಹಾದ ಕೋಣೆ ಇದೆ, ಸ್ವಲ್ಪ ದುಡ್ಡು ಕೊಟ್ಟರೆ ಮಾಚಾ ತಂದುಕೊಡುತ್ತಾರೆ. ಹತ್ತುವ ದಾರಿ ಒರಟು ಕಲ್ಲಿನ ಮೆಟ್ಟಿಲು, ಮಂಡಿ ನೋವಿರುವ ಹಿರಿಯರು ಕೆಳಗೇ ಇರುವುದು ವಾಸಿ.

ಮುಗಿಸಿಕೊಂಡು ಹಾಗೇ ವಾಪಸ್ ಬರಬೇಡಿ. ಅಲ್ಲೇ ಹತ್ತಿರದಲ್ಲಿ ಆಶಿಗಾರು ಮ್ಯೂಸಿಯಂ ಇದೆ, ಬಿಟ್ಟಿ. ಆಶಿಗಾರು ಅಂದರೆ ಕಾಲಾಳುಗಳು, ಕೆಳಗಿನ ದರ್ಜೆಯವರು. ಅವರ ಎರಡು ಮನೆಗಳನ್ನು ತಂದು ನಿಲ್ಲಿಸಿದ್ದಾರೆ, 1990ರ ದಶಕದವರೆಗೂ ಜನ ವಾಸವಿದ್ದ ಮನೆಗಳು. ಬೇರೆ ಕಡೆ ಇಂಥವರಿಗೆ ವಠಾರದಂಥ ಸಾಲುಮನೆ, ಇಲ್ಲಿ ಮಾತ್ರ ಚಿಕ್ಕ ತೋಟದ ಸಮೇತ ಬಿಡಿಮನೆ. ಚಾವಣಿ ಮೇಲೆ ಹಲಗೆ, ಹಲಗೆ ಮೇಲೆ ಕಲ್ಲು ಹೇರಿದ್ದಾರೆ. ಚಿತ್ರ ಬಿಡಿಸಿದ ಬಾಗಿಲಿಲ್ಲ, ಏನಿಲ್ಲ. ನೊಮುರಾ ಮನೆಯಲ್ಲಿ ಒಂದು ಗಂಟೆ ಕಳೆದವರಿಗೆ ಇಲ್ಲಿ ಇಪ್ಪತ್ತು ನಿಮಿಷ ಸಾಕು, ಆದರೆ ಎರಡನ್ನೂ ಒಂದೇ ದಿನ ನೋಡಬೇಕು.

ಊಟ ನೊಮುರಾ ಮನೆಯಲ್ಲಿ ಸಿಗುವುದಿಲ್ಲ. ಈ ಊರಿನ ಹೆಸರುವಾಸಿ ಅಡುಗೆ ಬಾತುಕೋಳಿಯದ್ದು, ಸಸ್ಯಾಹಾರಿಗಳು ಚಪಾತಿ ಗಿಪಾತಿ ಕಟ್ಟಿಕೊಂಡು ಹೋಗಿ. ಚಿನ್ನದ ಹಾಳೆ ಹೊದಿಸಿದ ಐಸ್‌ಕ್ರೀಮ್ ಮಾರುತ್ತಾರೆ, ಚಿನ್ನಕ್ಕೆ ರುಚಿ ಇಲ್ಲ. ಅಂಕ ಕೊಡಲೇಬೇಕೆಂದರೆ ಐದಕ್ಕೆ ನಾಲ್ಕೂವರೆ, ಆ ಅರ್ಧ ಹೋಗಿದ್ದು ನನ್ನ ಮಗನಿಗೆ ಹಿಡಿಯಲು ಕತ್ತಿ ಸಿಗದ ಕಾರಣಕ್ಕೆ, ಅವನ ಒತ್ತಾಯ. ಮತ್ತೆ ಒಳಗೆ ಶೂ ಬಿಚ್ಚಬೇಕು, ಚಳಿಗಾಲದಲ್ಲಿ ಆ ನೆಲ ಮಂಜುಗಡ್ಡೆ. ದಪ್ಪ ಸಾಕ್ಸ್ ಹಾಕಿಕೊಂಡು ಹೋಗಿ, ತೂತಿಲ್ಲದ್ದು. ನನ್ನದು ಹೆಬ್ಬೆರಳ ಹತ್ತಿರ ಹರಿದಿತ್ತು.